ಹನ್ನೊಂದು ವರ್ಷದ ಹಸಿರು ಕಾರು

"ಒತ್ತು!" ಕಾರಿನ ಕೆಳಗಿಂದ ಅಪ್ಪನ ದನಿ ಬಂತು.

ಹ್ಯಾಟಿ ಸೀಟಿನ ತುದಿಗೆ ಜಾರಿ, ಕಾಲು ಚಾಚಿ, ಬ್ರೇಕ್ ಪೆಡಲ್ ಒತ್ತಿದಳು.

"ಬಿಡಬೇಡ... ಬಿಡಬೇಡ... ಹ್ಞಾಂ, ಈಗ ಬಿಡು. ಮತ್ತೆ ಒತ್ತು."

"ಅಪ್ಪಾ, ಇದು ನಲವತ್ತೊಂದನೇ ಸಲ."

"ಎಣಿಸ್ತಾ ಇದೀಯಾ? ಹಾಗಾದ್ರೆ ಇವತ್ತಿನ ಮ್ಯಾಥ್ಸ್ ಹೋಮ್‌ವರ್ಕ್ ಆಯ್ತು ಅಂದ್ಕೋ."

ಬ್ರೇಕಿನ ಪೈಪಿನೊಳಗೆ ಗಾಳಿ ಸೇರಿಕೊಂಡಿದ್ದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ಒಬ್ಬರು ಮೇಲಿಂದ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸ್ಕ್ರೂ ಸಡಿಲಿಸಿ ಗಾಳಿಯನ್ನು ಹೊರಗೆ ಬಿಡಬೇಕು. ಗುಳ್ಳೆಗಳು ಬರುವುದು ನಿಲ್ಲುವ ತನಕ ಇದೇ ಕೆಲಸ. ಕೆಳಗೆ ಮಲಗುವುದು ಅಪ್ಪನ ಪಾಲು, ಒತ್ತುವುದು ಹ್ಯಾಟಿಯ ಪಾಲು.

ಗರಾಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಲೈಲ್ ತಾತ ಕೂತಿದ್ದರು. ಪಕ್ಕದ ಮನೆಯವರು. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಈಗ ದಿನಾ ಸಂಜೆ ಫ್ಲಾಸ್ಕಿನಲ್ಲಿ ಕಾಫಿ ತಂದು, ಯಾರೂ ಕೇಳದ ಸಲಹೆಗಳನ್ನು ಪುಕ್ಕಟೆಯಾಗಿ ಕೊಡುತ್ತಿದ್ದರು.

"ಕರ್ಟ್," ಅಂದರು ತಾತ, "ಲೋಕದಲ್ಲಿ ಜನ ಮೊದಲು ಬ್ರೇಕ್ ಹಾಕಿ ಆಮೇಲೆ ಪೇಂಟ್ ಹೊಡೀತಾರೆ. ನೀನು ಮೊದಲು ಪೇಂಟ್, ಆಮೇಲೆ ಬ್ರೇಕ್. ನಿಲ್ಲದೇ ಇದ್ರೂ ಪರವಾಗಿಲ್ಲ, ಹೋಗ್ತಾ ಚೆಂದ ಕಾಣ್ಲಿ ಅಂತಲಾ?"

"ನಿಮ್ಮ ಕಾಫಿ ಆರ್ತಾ ಇದೆ, ಲೈಲ್," ಅಂದಿತು ಕಾರಿನ ಕೆಳಗಿನ ದನಿ.

"ಬ್ರೇಕ್ ಎಣ್ಣೆ ಒಂದು ತೊಟ್ಟು ಬಿದ್ರೂ ಪೇಂಟ್ ಎದ್ದು ಬರುತ್ತೆ. ಗೊತ್ತು ತಾನೆ?"

"ಅದಕ್ಕೇ ಬೆಡ್‌ಶೀಟ್ ಹೊದಿಸಿರೋದು."

ಹೊದಿಸಿದ್ದು ಅಮ್ಮನ ಹೊಸ ಬೆಡ್‌ಶೀಟ್. ಅಮ್ಮನಿಗೆ ಅದಿನ್ನೂ ಗೊತ್ತಿರಲಿಲ್ಲ.

ಐವತ್ತಾರನೇ ಸಲಕ್ಕೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಅಪ್ಪ ಹೊರಗೆ ಜಾರಿ ಬಂದು, ಕಪ್ಪು ಕೈಯಲ್ಲೇ ಹಣೆ ಒರೆಸಿಕೊಂಡು, "ಮುಗೀತು!" ಅಂದ. ಹಣೆಯೂ ಕಪ್ಪಾಯಿತು.

ಈ 'ಮುಗೀತು' ಅನ್ನುವ ಮಾತನ್ನು ಪೆರಿನ್ ಲ್ಯಾಂಡಿಂಗ್ ಊರಿನ ಜನ ಹನ್ನೊಂದು ವರ್ಷದಿಂದ ಕೇಳುತ್ತಿದ್ದರು. ಹ್ಯಾಟಿಗೆ ಹತ್ತು ವರ್ಷ. ಅಂದರೆ ಕಾರು ಅವಳಿಗೆ ಅಕ್ಕ.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಕಾರು ಅದು. ನಿಜ ಹೇಳಬೇಕೆಂದರೆ ಮೂವತ್ತನಾಲ್ಕರದ್ದು ಅದರ ತಗಡು ಮಾತ್ರ. ಅದು ಸಿಕ್ಕಿದ್ದು ಒಬ್ಬ ರೈತನ ಕೊಟ್ಟಿಗೆಯಲ್ಲಿ, ಒಳಗೆ ಕೋಳಿಗಳು ಸಂಸಾರ ಮಾಡುತ್ತಿದ್ದವು. ಎಂಜಿನ್ ಒಂದು ಪಿಕಪ್ ಟ್ರಕ್ಕಿನದು. ಸೀಟು ಗುಜರಿಗೆ ಬಿದ್ದ ಯಾವುದೋ ವ್ಯಾನಿನದು. ರೇಡಿಯೋ ಮಾತ್ರ ಹೊಚ್ಚ ಹೊಸದು. ಬ್ರೇಕಿಗಿಂತ ಎರಡು ವರ್ಷ ಮೊದಲೇ ಅದು ಬಂದು ಕೂತಿತ್ತು.

ಬಣ್ಣ ಆರಿಸಲು ಅಪ್ಪ ಇನ್ನೂ ಎರಡು ವರ್ಷ ತೆಗೆದುಕೊಂಡಿದ್ದ. ಹಸಿರಿನಲ್ಲಿ ಇಪ್ಪತ್ತಮೂರು ಬಗೆ ಇದೆಯಂತೆ. ಒಂದೊಂದನ್ನೂ ಅಡುಗೆಮನೆಯ ಚಮಚದ ಬೆನ್ನಿಗೆ ಹೊಡೆದು, ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ, ಬಿಸಿಲಲ್ಲಿ, ಮೋಡದಲ್ಲಿ, ಸಂಜೆಯಲ್ಲಿ ನೋಡುತ್ತಿದ್ದ. ಆ ದಿನಗಳಲ್ಲಿ ಮನೆಯವರೆಲ್ಲ ಸೂಪನ್ನು ಬಟ್ಟಲಿಗೆ ಬಾಯಿ ಇಟ್ಟೇ ಕುಡಿದರು. ಕೊನೆಗೆ ಗೆದ್ದದ್ದು ಮೊದಲನೇ ಚಮಚ.

ಆದರೂ ಬೆಡ್‌ಶೀಟ್ ತೆಗೆದಾಗ ಲೈಲ್ ತಾತ ಕೂಡ ಕುರ್ಚಿಯಿಂದ ಎದ್ದು ಹತ್ತಿರ ಬಂದರು. ಕಡು ಹಸಿರು. ಬಗ್ಗಿ ನೋಡಿದರೆ ತಾತನ ಮೂಗಿನ ಮೇಲಿನ ಮಚ್ಚೆಯೂ ಅದರಲ್ಲಿ ಕಾಣುತ್ತಿತ್ತು. ಗಾಲಿಯ ರಿಮ್ಮುಗಳಿಗೂ ಅದೇ ಹಸಿರು.

"ಶನಿವಾರದ ಮೆರವಣಿಗೆಗೆ ನಂಬರ್ ಹದಿನಾಲ್ಕು," ಅಂದ ಅಪ್ಪ. "ಹೆಸರು ಕೊಟ್ಟಾಯ್ತು."

"ಹೆಸರು ಹೋದ ವರ್ಷಾನೂ ಕೊಟ್ಟಿದ್ದೆ," ಅಂದರು ತಾತ. "ಅದರ ಹಿಂದಿನ ವರ್ಷಾನೂ."

* * *

ಹ್ಯಾಟಿ ಆ ಸುದ್ದಿಯನ್ನು ಕ್ಲಾಸಿನಲ್ಲಿ ಹೇಳಬಾರದಿತ್ತು. ಹೇಳಿದಳು.

"ನಿಮ್ಮಪ್ಪನ ಕಾರು ಡೈನೋಸಾರ್ ಥರ," ಅಂದ ಕೋಲ್ಟನ್. "ಇತ್ತು ಅಂತಾರೆ. ಕಣ್ಣಾರೆ ಕಂಡೋರು ಯಾರೂ ಇಲ್ಲ."

ಎಲ್ಲರೂ ನಕ್ಕರು. ಟೀಚರ್ ಕೂಡ ತುಟಿ ಬಿಗಿಹಿಡಿದದ್ದನ್ನು ಹ್ಯಾಟಿ ನೋಡಿದಳು.

"ಶನಿವಾರ ನೋಡ್ತೀಯಲ್ಲ," ಅಂದಳು. "ನಾನು ಮುಂದಿನ ಸೀಟಲ್ಲೇ ಕೂತಿರ್ತೀನಿ. ನಿಂಗೆ ಕೈ ಬೀಸ್ತೀನಿ. ಬೇಕಾದ್ರೆ ನೀನೂ ಬೀಸು."

"ಬಂದ್ರೆ," ಅಂದ ಕೋಲ್ಟನ್.

ಆ ಒಂದು ಮಾತು ಶುಕ್ರವಾರವಿಡೀ ಅವಳ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು.

* * *

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಹ್ಯಾಟಿ ಗರಾಜಿಗೆ ಬಂದಳು. ಅಪ್ಪ ಒಳಗೆ ಇಸ್ತ್ರಿ ಮಾಡಿದ ಶರ್ಟ್ ಹುಡುಕುತ್ತಿದ್ದ. ಅವನ ಬಳಿ ಅಂಥದ್ದು ಒಂದೇ ಇತ್ತು, ಅದೂ ಮದುವೆಗಳಿಗೆಂದು.

ಹ್ಯಾಟಿ ಕಾರಿನ ಸುತ್ತ ಒಂದು ಸುತ್ತು ಬಂದಳು. ಮುಂದಿನ ಎಡಗಾಲಿಯ ಹತ್ತಿರ ನಿಂತಳು.

ರಿಮ್ಮಿನ ಒಳಅಂಚಿನಲ್ಲಿ ಏನೋ ಹೊಳೆಯುತ್ತಿತ್ತು. ಒಂದೇ ಒಂದು ಹನಿ.

ಅವಳು ಬಗ್ಗಿ ನೋಡಿದಳು. ನೀರಲ್ಲ. ಬೆರಳಿಗೆ ಜಿಡ್ಡು ಹತ್ತಿತು. ವಾಸನೆ ಗುರುತು ಸಿಕ್ಕಿತು. ಮೂರು ಸಂಜೆ ಅದೇ ವಾಸನೆಯಲ್ಲಿ ಕೂತು ಪೆಡಲ್ ಒತ್ತಿದ್ದಳಲ್ಲ.

ಅಪ್ಪನನ್ನು ಕೂಗಲು ಬಾಯಿ ತೆರೆದಳು. ಕೂಗಲಿಲ್ಲ.

ಒಂದು ಹನಿ ತಾನೆ? ಮೊನ್ನೆ ಚೆಲ್ಲಿದ್ದು ಎಲ್ಲೋ ಉಳಿದಿರಬಹುದು. ಇಷ್ಟಕ್ಕೆ ಕೂಗಿದರೆ ಅಪ್ಪ ಗಾಲಿ ಬಿಚ್ಚುತ್ತಾನೆ. ಗಾಲಿ ಬಿಚ್ಚಿದರೆ ಇನ್ನೇನಾದರೂ ಬಿಚ್ಚುತ್ತಾನೆ. ಹನ್ನೊಂದು ವರ್ಷದಿಂದ ಅವನು ಮಾಡಿದ್ದೇ ಅದು. ಸೋಮವಾರ ಕೋಲ್ಟನ್ ಡೈನೋಸಾರ್ ಬಗ್ಗೆ ಹೊಸ ಜೋಕು ಹೇಳುತ್ತಾನೆ.

ಅವಳು ಹಳೆ ಬಟ್ಟೆಯ ತುಂಡೊಂದನ್ನು ತೆಗೆದುಕೊಂಡು ಹನಿಯನ್ನು ಒರೆಸಿದಳು. ಬಟ್ಟೆಗೆ ಹಸಿರು ಹತ್ತಿತು. ಹನಿ ಇದ್ದ ಜಾಗದಲ್ಲಿ ಪೇಂಟ್ ಸುಕ್ಕುಗಟ್ಟಿತ್ತು.

ಬಟ್ಟೆಯನ್ನು ಮಡಚಿ ಜೀನ್ಸಿನ ಜೇಬಿಗೆ ತುರುಕಿ, ಮನೆಯೊಳಗೆ ಓಡಿ, ಬಾತ್‌ರೂಮಿನಲ್ಲಿ ಕೈ ತೊಳೆದಳು. ಕನ್ನಡಿಯಲ್ಲಿದ್ದ ಹುಡುಗಿ ಇವಳನ್ನು ನೇರವಾಗಿ ನೋಡಲಿಲ್ಲ.

* * *

ಮೆರವಣಿಗೆ ಹೊರಡುವುದು ಗುಡ್ಡದ ಮೇಲಿನ ಚರ್ಚಿನ ಮೈದಾನದಿಂದ. ಅಲ್ಲಿಂದ ದೊಡ್ಡ ಬೀದಿ ನೇರ ಕೆಳಗಿಳಿದು ನದಿಯ ದಂಡೆಗೆ ಹೋಗುತ್ತದೆ. ಚಳಿಗಾಲದಲ್ಲಿ ಮಕ್ಕಳು ಅದೇ ಇಳಿಜಾರಿನಲ್ಲಿ ಹಿಮದ ಮೇಲೆ ಜಾರುತ್ತಾರೆ. ಊರಿನ ಎಲ್ಲ ಮೂಳೆ ಮುರಿತಗಳೂ ಅಲ್ಲೇ ಆಗಿರುವುದು.

ಹಸಿರು ಕಾರು ಮೈದಾನಕ್ಕೆ ಬಂದಾಗ ಜನ ಸುತ್ತ ಸೇರಿದರು.

"ಕರ್ಟ್! ನಿಜಕ್ಕೂ ಓಡುತ್ತಾ ಇದು?"

"ಇಲ್ಲ, ನಾನೂ ಮಗಳೂ ಒಳಗಿಂದ ಕಾಲಲ್ಲಿ ತಳ್ಕೊಂಡು ಬಂದ್ವಿ," ಅಂದ ಅಪ್ಪ. ಅವನ ನಗು ಕಿವಿಯಿಂದ ಕಿವಿಗೆ ಇತ್ತು.

ಎಲ್ಲರೂ ಪೇಂಟ್ ನೋಡಿದರು. ಪೇಂಟ್ ಹೊಗಳಿದರು. ಪೇಂಟಿನ ಜೊತೆ ಫೋಟೋ ತೆಗೆಸಿಕೊಂಡರು. ಬ್ರೇಕ್ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಬ್ರೇಕಿನ ಜೊತೆ ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ?

ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ ಹೆಂಗಸೊಬ್ಬರು ಎಲ್ಲರನ್ನೂ ಸಾಲಿಗೆ ನಿಲ್ಲಿಸಿದರು. ಮುಂದೆ ಸ್ಕೂಲಿನ ಬ್ಯಾಂಡ್. ಆಮೇಲೆ ಟ್ರ್ಯಾಕ್ಟರುಗಳು. ಆಮೇಲೆ ಹಳೇ ಕಾರುಗಳು. ಹ್ಯಾಟಿ ಬೆಲ್ಟ್ ಕಟ್ಟಿಕೊಂಡು ಕೂತಳು.

ಸಾಲು ಒಂದಿಷ್ಟು ಸರಿಯಿತು. ಅಪ್ಪ ಬ್ರೇಕ್ ಒತ್ತಿದ. ಹ್ಯಾಟಿ ಅವನ ಕಾಲನ್ನೇ ನೋಡುತ್ತಿದ್ದಳು. ಕಾಲು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಕೆಳಗೆ ಹೋಯಿತು. ಅಪ್ಪ ಇನ್ನೊಂದು ಸಲ ಒತ್ತಿದ. ಕಾರು ನಿಂತಿತು.

ಅಪ್ಪ ರೇಡಿಯೋದ ದನಿ ಸ್ವಲ್ಪ ಹೆಚ್ಚಿಸಿದ.

ಕಾರಿನ ಮೂಗಿನಾಚೆ ಬೀದಿ ಪೂರ್ತಿ ಕಾಣುತ್ತಿತ್ತು. ಎರಡೂ ಬದಿಯ ಕಟ್ಟೆಯ ಮೇಲೆ ಚಿಕ್ಕ ಮಕ್ಕಳು ಸಾಲಾಗಿ ಕೂತಿದ್ದರು. ಮೆರವಣಿಗೆಯವರು ಎಸೆಯುವ ಟಾಫಿಗಾಗಿ ಒಬ್ಬೊಬ್ಬರ ಕೈಯಲ್ಲೂ ಒಂದು ಚೀಲವೋ ಬಕೆಟ್ಟೋ. ಟಾಫಿ ಬಿದ್ದ ಕಡೆ ಅವರು ನುಗ್ಗುತ್ತಾರೆ. ಎದುರಿಗೆ ಏನು ಬರುತ್ತಿದೆ ಅಂತ ನೋಡುವುದಿಲ್ಲ. ಇಳಿಜಾರಿನ ಕೊನೆಯಲ್ಲಿ ಅಮ್ಮನ ಹಳದಿ ಟೋಪಿ ಕಂಡಿತು. ಅದರ ಪಕ್ಕ ಕೆಂಪು ಬಕೆಟ್. ಆ ಬಕೆಟ್ಟಿನ ಹಿಂದೆ ಅವಳ ತಮ್ಮ ಓಟಿಸ್. ಐದು ವರ್ಷ. ಟಾಫಿಗಾಗಿ ಅವನು ಕೆರೆಗೆ ಬೇಕಾದರೂ ಹಾರುತ್ತಾನೆ.

"ನಂಬರ್ ಹದಿಮೂರು, ಹೊರಡಿ!" ಸೀಟಿ ಕೂಗಿತು.

"ಅಪ್ಪ," ಅಂದಳು ಹ್ಯಾಟಿ.

"ಕೈ ಬೀಸೋಕೆ ರೆಡಿನಾ?"

"ಅಪ್ಪ, ಬ್ರೇಕ್ ಎಣ್ಣೆ ಸೋರ್ತಾ ಇದೆ. ಮುಂದಿನ ಎಡಗಾಲಿಯಲ್ಲಿ."

ಅಪ್ಪ ಅವಳ ಕಡೆ ತಿರುಗಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿದ್ದವು.

"ನಂಬರ್ ಹದಿನಾಲ್ಕು! ಹದಿನಾಲ್ಕು, ಮುಂದೆ ಬನ್ನಿ!"

ಅಪ್ಪ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಇಳಿದು, ಮದುವೆಯ ಶರ್ಟಿನಲ್ಲೇ ಹುಲ್ಲಿನ ಮೇಲೆ ಮಲಗಿ, ಗಾಲಿಯ ಹಿಂದೆ ನೋಡಿದ. ಎದ್ದು ಬಂದು ಸೀಟಿಯ ಹೆಂಗಸಿಗೆ ಹೇಳಿದ: "ಹದಿನೈದನ್ನು ಕಳಿಸಿ. ನಾವು ಬರಲ್ಲ."

"ಬರಲ್ವಾ? ಯಾಕೆ?"

"ಬಂದ್ರೆ ನಿಲ್ಲಲ್ಲ. ಅದಕ್ಕೆ."

ಲೈಲ್ ತಾತ ಎಲ್ಲಿಂದಲೋ ಬಂದರು. ಮೂವರೂ ಸೇರಿ ಕಾರನ್ನು ಮರದ ಕೆಳಕ್ಕೆ ತಳ್ಳಿದರು. ಅದೇ ಹೊತ್ತಿಗೆ ಫುಟ್‌ಬಾಲ್ ಹುಡುಗರ ಟ್ರಕ್ಕು ಪಕ್ಕದಲ್ಲೇ ಹಾದುಹೋಯಿತು. ಮೇಲೆ ಕೋಲ್ಟನ್ ನಿಂತಿದ್ದ.

"ಹ್ಯಾಟೀ! ಡೈನೋಸಾರಿಗೆ ಸುಸ್ತಾಯ್ತಾ?" ಅಂತ ಕೂಗಿ ಒಂದು ಟಾಫಿ ಎಸೆದ. ಅದು ಅವಳ ಭುಜಕ್ಕೆ ಬಡಿದು ಕೆಳಗೆ ಬಿತ್ತು. ಹ್ಯಾಟಿ ತಳ್ಳುವುದನ್ನು ನಿಲ್ಲಿಸಲಿಲ್ಲ.

"ಅಂತೂ ನಿನ್ನ ಕಾರು ನಿಲ್ಲುತ್ತೆ ಅಂತ ಸಾಬೀತಾಯ್ತು, ಕರ್ಟ್," ಅಂದರು ತಾತ. "ಓಡೋದೊಂದೇ ಬಾಕಿ." ಆಮೇಲೆ ಅಪ್ಪನ ಬೆನ್ನಿಗೆ ಹತ್ತಿದ್ದ ಹುಲ್ಲನ್ನು ಕೊಡವಿದರು.

* * *

ಕಾರು ಒಂದು ಲಾರಿಯ ಬೆನ್ನೇರಿ ಮನೆಗೆ ಬಂತು. ನಡುಹಗಲಲ್ಲಿ, ಊರವರೆಲ್ಲ ಬೀದಿಯಲ್ಲಿದ್ದಾಗ. ಅದೂ ಒಂಥರಾ ಮೆರವಣಿಗೆಯೇ.

ಮಧ್ಯಾಹ್ನ ಅಪ್ಪ ಗಾಲಿ ಬಿಚ್ಚಿದ. ಹ್ಯಾಟಿ ಹತ್ತಿರ ಹೋಗಿ, ಜೇಬಿನಿಂದ ಬಟ್ಟೆ ತೆಗೆದು, ಅವನ ಮುಂದೆ ಹಿಡಿದಳು. ಹಸಿರು ಕಲೆ ಒಣಗಿತ್ತು.

"ಇದೇನು?"

"ಬೆಳಿಗ್ಗೇನೇ ನೋಡ್ದೆ. ಏಳು ಗಂಟೆಗೆ. ಒರೆಸಿಬಿಟ್ಟೆ." ಆಮೇಲೆ ಒಂದೇ ಉಸಿರಿನಲ್ಲಿ, "ಕೋಲ್ಟನ್ ನಗ್ತಾನೆ ಅಂತ. ಮತ್ತೆ ನೀನು ಎಲ್ಲಾ ಬಿಚ್ಚಿಬಿಡ್ತೀಯ ಅಂತ."

ಅಪ್ಪ ಬಟ್ಟೆಯನ್ನು ನೋಡಿದ. ಬಯ್ಯುತ್ತಾನೆ ಅಂತ ಹ್ಯಾಟಿ ಕಾದಳು. ಬಯ್ದರೆ ಒಳ್ಳೆಯದಿತ್ತು.

ಅಪ್ಪ ಪೈಪಿನ ತುದಿಯಿಂದ ಒಂದು ತಾಮ್ರದ ವಾಷರ್ ಕಳಚಿ ಅವಳ ಅಂಗೈಗೆ ಹಾಕಿದ. ಉಂಗುರದಂಥದ್ದು, ಪೈಪಿನ ಕೀಲು ಸೋರದಂತೆ ತಡೆಯುವಂಥದ್ದು.

"ಇದನ್ನ ಒಂದು ಸಲ ಮಾತ್ರ ಹಾಕಬೇಕು. ಬಿಚ್ಚಿದ್ರೆ ಹೊಸದೇ ಆಗ್ಬೇಕು. ಊರಿಗೆಲ್ಲಾ ಈ ಬುದ್ಧಿ ಹೇಳೋನು ನಾನೇ." ಅವನು ಮೂಗು ಉಜ್ಜಿಕೊಂಡ. "ಇದು ಹಳೇದು. ಹೊಸದು ಮುಂದಿನ ಮಂಗಳವಾರ ಬರೋದಿತ್ತು. ಮೆರವಣಿಗೆ ಶನಿವಾರ ಇತ್ತು."

ಹ್ಯಾಟಿ ಅಂಗೈಯಲ್ಲಿದ್ದ ವಾಷರನ್ನು ತಿರುಗಿಸಿ ನೋಡಿದಳು.

"ಬೆಳಿಗ್ಗೆ ಗರಾಜಿಂದ ತೆಗೆಯೋವಾಗ್ಲೇ ಪೆಡಲ್ ಸ್ವಲ್ಪ ಮೆತ್ತಗಿದೆ ಅನ್ನಿಸ್ತು. ಎರಡು ಸಲ ಒತ್ತಿದೆ. ಆಮೇಲೆ..." ಅವನು ಕೆಮ್ಮಿದ. "ಆಮೇಲೆ ರೇಡಿಯೋ ಹಾಕ್ದೆ."

ಹ್ಯಾಟಿ ಅವನ ಮುಖ ನೋಡಿದಳು. ಬೆಳಿಗ್ಗೆ ಬಾತ್‌ರೂಮಿನ ಕನ್ನಡಿಯಲ್ಲಿ ಕಂಡಿದ್ದು ಇಂಥದ್ದೇ ಮುಖ. ಇಷ್ಟು ದೊಡ್ಡವರಿಗೂ ಆ ಮುಖ ಇರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

"ಓಟಿಸ್ ಕೊನೇಲಿ ಕೂತಿದ್ದ," ಅಂದಳು ಮೆಲ್ಲಗೆ.

"ಗೊತ್ತು," ಅಂದ ಅಪ್ಪ. ಬಹಳ ಹೊತ್ತು ಅವನು ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ.

* * *

ಸೋಮವಾರ ಕೋಲ್ಟನ್ ಜೋಕು ತಯಾರು ಮಾಡಿಕೊಂಡೇ ಬಂದಿದ್ದ. ಒಂದಲ್ಲ, ನಾಲ್ಕು.

"ಬ್ರೇಕ್ ಸೋರಿತು," ಅಂದಳು ಹ್ಯಾಟಿ. "ನಾನೇ ಅಪ್ಪಂಗೆ ಹೇಳಿ ನಿಲ್ಲಿಸಿದೆ."

ಕೋಲ್ಟನ್ ಇನ್ನೂ ಎರಡು ಜೋಕು ಉಳಿಸಿಕೊಂಡಿದ್ದ. ಯಾಕೋ ಹೇಳಲಿಲ್ಲ. ಗುರುವಾರ ಹೇಳಿದ, ಬಿಡಿ.

ಮಂಗಳವಾರ ಹೊಸ ವಾಷರ್ ಬಂತು. ಗಾಳಿ ತೆಗೆಯುವ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ರಿಮ್ಮಿನ ಮೇಲೆ ಕಾಸಿನಗಲ ಪೇಂಟ್ ಹೋಗಿತ್ತು. "ಮುಂದಿನ ವಾರ ಹೊಡೀತೀನಿ," ಅಂದ ಅಪ್ಪ. ಅಪ್ಪನ ಕ್ಯಾಲೆಂಡರಿನಲ್ಲಿ ಅದು ಮೂರು ವರ್ಷ.

ಬುಧವಾರ ಸಂಜೆ, ಊರೆಲ್ಲ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ಇಬ್ಬರೂ ಗುಡ್ಡದ ತುದಿಗೆ ಹೋದರು. ದೊಡ್ಡ ಬೀದಿ ಖಾಲಿ. ಅಪ್ಪ ರೇಡಿಯೋ ಹಾಕಲಿಲ್ಲ. ಹಸಿರು ಕಾರು ಇಳಿಜಾರಿನಲ್ಲಿ ಇಳಿಯಿತು. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. ಮನೆಗಳು, ಮರಗಳು, ಅಂಚೆಪೆಟ್ಟಿಗೆಗಳು ಪಕ್ಕಕ್ಕೆ ಸರಿದವು. ಕೆಳಗೆ ನದಿ ಹೊಳೆಯುತ್ತಿತ್ತು.

ಕೊನೆಯ ತಿರುವಿನಲ್ಲಿ ಸ್ಟಾಪ್ ಬೋರ್ಡ್ ಇತ್ತು. ಅಪ್ಪ ಬ್ರೇಕ್ ಒತ್ತಿದ.

ಕಾರು ನಿಂತಿತು. ಬಿಳಿ ಗೆರೆಯ ಹಿಂದೆ, ಸರಿಯಾಗಿ, ಸದ್ದಿಲ್ಲದೆ.

ಎಡಗಡೆಯಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ಬಲಗಡೆಯಿಂದಲೂ ಇಲ್ಲ. ನೋಡಲು, ಕೈ ಬೀಸಲು ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅಪ್ಪ ಮುಂದೆ ಹೋಗಲಿಲ್ಲ, ಹ್ಯಾಟಿಯೂ ಹೋಗು ಅನ್ನಲಿಲ್ಲ. ನಿಂತ ಕಾರಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು.