ಗೋಬರ್ ಗ್ಯಾಸಿಗೆ ಅಜೀರ್ಣ

“ಈ ಚಂದಪ್ಪನ ತಲ್ಯಾಗ ಇರೂದೂ, ಇವರ ಮನಿ ಹಿತ್ತಲ ಗ್ಯಾಸಿನ ಗುಂಡ್ಯಾಗ ಇರೂದೂ ಎರಡೂ ಒಂದ ಮಾಲು!” ಎಂದರು ಶ್ರೀಶೈಲಪ್ಪ ಮಾಸ್ತರು, ಚಾಕ್‌ಪೀಸು ಮೇಲೆತ್ತಿ. “ಫರಕ್ ಏನಂದ್ರ, ಗುಂಡ್ಯಾಗಿಂದ ಒಂದಿಲ್ಲೊಂದ ದಿನ ಬೆಂಕಿಯರ ಬಂದೀತು. ಇವನ ತಲ್ಯಾಗಿಂದ ಹೊಗಿನೂ ಬರೂದಿಲ್ಲ.”

ಐದನೇ ಇಯತ್ತೆಯ ನಲವತ್ತೆರಡು ಹುಡುಗರೂ ಗೊಳ್ಳೆಂದು ನಕ್ಕರು.

ಚಂದ್ಯಾ ಕೇಳಿದ್ದು ತಪ್ಪೇನೂ ಅಲ್ಲ. ಬೋರ್ಡಿನ ಮೇಲೆ ಒಂದು ತೊಟ್ಟಿ ಇತ್ತು. ಅದಕ್ಕೆ ಎರಡು ನಳ. ಒಂದು ನಳ ತೊಟ್ಟಿ ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಎಷ್ಟು ತಾಸಿಗೆ ತುಂಬೀತು? “ಸರ, ಆ ಎರಡನೇ ನಳಕ್ಕ ಬೂಚ ಹಾಕಿದ್ರ ಮುಗೀತಲ್ಲರಿ?” ಎಂದಿದ್ದ ಚಂದ್ಯಾ. ಅಷ್ಟೇ. ಮಾಸ್ತರಿಗೆ ಸರ್ಕಾರ ಸಂಬಳ ಕೊಡುತ್ತಿದ್ದುದು ಗಣಿತ ಕಲಿಸಲಿಕ್ಕೆ. ಆದರೆ ದಿನಕ್ಕೊಬ್ಬ ಹುಡುಗನ ಮಾನ ತೆಗೆಯದೆ ಅವರಿಗೆ ಮಧ್ಯಾಹ್ನದ ಬುತ್ತಿ ಇಳಿಯುತ್ತಿರಲಿಲ್ಲ.

ಚಂದ್ಯಾನ ಕಿವಿ ಕೆಂಪಾದವು. “ರವಿವಾರ ಮುಂಜಾನಿ ನಮ್ಮ ಮನಿಗೆ ಬರ್ರಿ ಸರ. ಅದ ಗುಂಡಿ ಗ್ಯಾಸಿನ ಮ್ಯಾಲ ಚಾ ಮಾಡಿ ಕುಡಸ್ತೇವಿ.”

“ಒಲಿ ಹತ್ತಲಿಲ್ಲಂದ್ರ?”

“ಹತ್ತೂತನಕ ನೀವು ಏನಂತ ಕರದ್ರೂ ಓ ಅಂತೇನಿ.”

ಮಾಸ್ತರ ಕಣ್ಣು ಮಿಂಚಿದವು. “ಎಲ್ಲಾರೂ ಕೇಳಿದ್ರಿಲ್ಲೋ? ಹತ್ತಲಿಲ್ಲಂದ್ರ ಸೋಮವಾರದಿಂದ ಇವನ ಹೆಸರು ಚಂದಪ್ಪ ಅಲ್ಲ. ಸಗಣೆಪ್ಪ!”

ಆ ದಿನ ಬುಧವಾರ.

ಗೊಳಸಂಗಿಯಲ್ಲಿ ಗೋಬರ್ ಗ್ಯಾಸು ಅಂತ ಮೊದಲು ಮಾಡಿಸಿದವನು ಚಂದ್ಯಾನ ಅಪ್ಪ ಗುರಪ್ಪ. ಹಿತ್ತಲಲ್ಲಿ ಬಾವಿಯಂಥ ಗುಂಡಿ. ಅದರ ತುಂಬ ಸಗಣಿ ಕಲಸಿದ ನೀರು. ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು. ಒಳಗೆ ಗ್ಯಾಸು ಹುಟ್ಟಿದಂತೆ ಡ್ರಮ್ಮು ಮೇಲೇಳಬೇಕು, ಪೈಪಿನಲ್ಲಿ ಗ್ಯಾಸು ಅಡಿಗೆಮನೆಗೆ ಬರಬೇಕು. ಗುಂಡಿ ತುಂಬಿಸಿ ಮೂರು ವಾರವಾಗಿತ್ತು. ಡ್ರಮ್ಮು ಎದ್ದದ್ದು ನಾಲ್ಕೇ ಬೆರಳು.

ಸಂಜೆ ಗೈಬುಸಾಬ ಬಂದ. ಗುಂಡಿ ಕಟ್ಟಿದ ಗೌಂಡಿ ಅವನೇ. ಮುದ್ದೇಬಿಹಾಳದ ಕಡೆ ಇಂಥವೇ ಮೂರು ಕಟ್ಟಿದ್ದ.

“ಕಾಕಾ, ರವಿವಾರಕ್ಕ ಗ್ಯಾಸು ಬರ್ತೈತೇನ್ರಿ?” ಎಂದ ಚಂದ್ಯಾ.

“ಇನ್ನ ಹತ್ತ ಹನ್ನೆರಡು ದಿನ ತಡೀಬೇಕಪಾ. ಒಳಗ ಕಣ್ಣಿಗೆ ಕಾಣದಂಥ ಹುಳ ಅದಾವು, ಲಕ್ಷಗಟ್ಟಲೆ. ಅವು ಸಗಣಿ ತಿಂತಾವು, ಹೂಸ ಬಿಡ್ತಾವು. ಆ ಹೂಸ ಅಂದ್ರನ ಗ್ಯಾಸು.”

ಜೋಳ ಹಸನು ಮಾಡುತ್ತಿದ್ದ ಆಯಿಯ ಕೈಯಿಂದ ಮೊರ ಜಾರಿತು. ಆಯಿ ಅಂದರೆ ಚಂದ್ಯಾನ ಅಪ್ಪನ ತಾಯಿ, ಸಿದ್ದವ್ವ. “ಏನಂದ್ಯೋ ಗೈಬುಸಾಬ? ಹೂಸಿನ ಮ್ಯಾಲ ನಾ ರೊಟ್ಟಿ ಬೇಯಿಸ್ಲ್ಯಾ?”

“ಆಯಿ, ಈಗ ನೀ ರೊಟ್ಟಿ ಬೇಯಿಸೂದು ಕುಳ್ಳಿನ ಮ್ಯಾಲ. ಕುಳ್ಳು ಯಾತರದು?” ಎಂದ ಚಂದ್ಯಾ.

“ಅದು ಬಿಸಲು ಕಂಡಿದ್ದಲೇ! ಒಣಗಿದ್ದು!” ಎಂದಳು ಆಯಿ. ಆದರೆ ಅವಳ ತಲೆಯೊಳಗೆ ಬೇರೇನೋ ಕೊರೆಯಲು ಸುರುವಾಗಿತ್ತು. ಸ್ವಲ್ಪ ಹೊತ್ತಿಗೆ ಕೇಳಿದಳು, “ಅಲ್ಲೋ, ಒಳಗ ಜೀವ ಅದಾವು ಅಂದಿ. ಅವಕ್ಕ ಉಣ್ಣಾಕ ಏನ ಹಾಕ್ತೀರಿ?”

“ಸಗಣೀರಿ, ಆಯಿ.”

“ಮತ್ತ?”

“ಮತ್ತೇನಿಲ್ರಿ. ಸಗಣಿ, ನೀರು.”

“ಹಬ್ಬದ ದಿನಾನೂ?”

“ಹಬ್ಬದ ದಿನಾನೂ.”

ಆಯಿಗೆ ಇದನ್ನು ಸಹಿಸಲಾಗಲಿಲ್ಲ. ಅವಳ ಮನೆಗೆ ಬಂದವರು ‘ಸಾಕು’ ಅಂದದ್ದನ್ನು ಅವಳು ಈ ಜನ್ಮದಲ್ಲಿ ಕೇಳಿಸಿಕೊಂಡವಳಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ರೊಟ್ಟಿ ಹಾಕುತ್ತಿದ್ದಳು. ತುಪ್ಪವನ್ನೂ ಅಲ್ಲೇ ಸುರಿಯುತ್ತಿದ್ದಳು.

ಇತ್ತ ಚಂದ್ಯಾ ತನ್ನದೇ ಲೆಕ್ಕ ಹಾಕುತ್ತಿದ್ದ. ಅಪ್ಪ ದಿನಾ ಸಾದಾ ಊಟ ಮಾಡಿದರೆ ಏನೂ ತೊಂದರೆ ಇಲ್ಲ. ಮದುವೆಮನೆಯಲ್ಲಿ ಹುಗ್ಗಿ, ಕಾಳುಪಲ್ಯ ಗಡದ್ದಾಗಿ ಹೊಡೆದು ಬಂದ ದಿನ ಮಾತ್ರ ಯಾರೂ ಅಪ್ಪನ ಬಾಜೂಕೆ ಕೂಡುತ್ತಿರಲಿಲ್ಲ. ಎತ್ತುಗಳೂ ಮುಖ ತಿರುಗಿಸುತ್ತಿದ್ದವು. ಬರೇ ಸಗಣಿಗೆ ಹನ್ನೆರಡು ದಿನ ಹಿಡಿದರೆ, ಕಾಳುಪಲ್ಯಕ್ಕೆ ಎಷ್ಟು ದಿನ? ಎರಡು! ಈ ಲೆಕ್ಕವನ್ನು ಅವನು ಬೆರಳು ಎಣಿಸದೆ ಮಾಡಿದ.

ಶುಕ್ರವಾರ ಪಕ್ಕದ ಮನೆಯಲ್ಲಿ ಮದುವೆ ಆಯಿತು. ಶನಿವಾರ ಮುಂಜಾನೆ ನೋಡಿದರೆ ಅರ್ಧ ಕಡಾಯಿ ಗೋಧಿ ಹುಗ್ಗಿ ಉಳಿದಿತ್ತು. ಒಂದು ಬುಟ್ಟಿ ಅನ್ನ, ಎರಡು ಬಕೆಟ್ ಕಾಳುಪಲ್ಯ, ಹಳಸಿದ ಸಾರು ಬೇರೆ. ತಿಪ್ಪೆಗೆ ಚೆಲ್ಲಲು ಹೊರಟವರನ್ನು ಆಯಿ ತಡೆದಳು. “ಚೆಲ್ಲಬ್ಯಾಡ್ರಿ. ನಮ್ಮ ಮನ್ಯಾಗ ಉಣ್ಣಾವರು ಭಾಳ ಮಂದಿ ಅದಾರು.”

ಅಪ್ಪ ಹೊಲಕ್ಕೆ ಹೋಗಿದ್ದ. ಅಜ್ಜಿ, ಮೊಮ್ಮಗ ಇಬ್ಬರೂ ಬಕೆಟ್ ಹೊತ್ತರು. ಗುಂಡಿಗೆ ಸಗಣಿ ಸುರಿಯುವ ಬಾಯಿಯ ಹತ್ತಿರ ಆಯಿ ಸೆರಗು ಸಿಕ್ಕಿಸಿ ಕೂತಳು.

“ಉಣ್ರಪಾ, ನಾಚಿಗೋಬ್ಯಾಡ್ರಿ. ಚಂದ್ಯಾ, ಹುಗ್ಗಿ ಹಾಕು.”

ಚಂದ್ಯಾ ಹಾಕಿದ.

“ಇನ್ನೊಂದು ಸ್ವಲ್ಪ ಹಾಕು. ಬಾಯಿ ಬಿಟ್ಟು ಕೇಳೂದಿಲ್ಲ ಅವು.”

“ಕಾಳಪಲ್ಯ ಜಾಸ್ತಿ ಹಾಕೋಣು, ಆಯಿ. ಕೆಲಸ ಮಾಡೂದು ಅದ.”

ಹೀಗೆ ಹನ್ನೊಂದು ಬಕೆಟ್ ಇಳಿಯಿತು. ಮೇಲೆ ಒಂದು ಕೊಡ ಮಜ್ಜಿಗೆ. ಕೊನೆಗೆ ಆಯಿ ತನ್ನ ಸಂಚಿ ಬಿಚ್ಚಿ ಹದಿನೈದು ವೀಳ್ಯದೆಲೆಯನ್ನೂ ಒಳಗೆ ಬಿಟ್ಟಳು. ಉಂಡವರಿಗೆ ಎಲೆ ಕೊಡದೆ ಕಳಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ರವಿವಾರ ಬೆಳಗಾದರೆ ಡ್ರಮ್ಮು ಎರಡು ಮೊಳ ಮೇಲೆದ್ದು ನಿಂತಿತ್ತು! ಚಂದ್ಯಾ ಅದರ ಸುತ್ತ ಮೂರು ಸುತ್ತು ಕುಣಿದ. ಅಪ್ಪನಿಗೆ ಆಶ್ಚರ್ಯ. “ಗೈಬುಸಾಬ ಹತ್ತ ದಿನ ಅಂದಿದ್ದನಲ್ಲೋ?” ಆಯಿ, ಮೊಮ್ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು.

ಮಾಸ್ತರು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದರು. ಹಿಂದೆ ಅರ್ಧ ಕ್ಲಾಸೇ ಬಂದಿತ್ತು. ಜಾಗ ಸಾಲದೆ ಹುಡುಗರು ಅಡಿಗೆಮನೆಯ ಕಿಟಕಿಗೆ ಜೋತುಬಿದ್ದರು. ಹೊಸ ಒಲೆಯ ಮೇಲೆ ಚಹಾದ ಪಾತ್ರೆ ಕೂತಿತು. ಅಪ್ಪ ನಳ ತಿರುವಿದ. ಚಂದ್ಯಾ ಕಡ್ಡಿ ಗೀರಿ ಒಲೆಗೆ ಹಿಡಿದ.

ಫುಸ್.

ಒಲೆ ಹತ್ತಲಿಲ್ಲ. ಕಡ್ಡಿ ಆರಿತು.

ಇನ್ನೊಂದು ಕಡ್ಡಿ. ಫುಸ್. ಮತ್ತೊಂದು. ಫುಸ್. ಒಳಗಿನಿಂದ ಯಾರೋ ಊದಿ ಆರಿಸಿದಂತೆ. ಅಷ್ಟರಲ್ಲಿ ವಾಸನೆ ಬಂತು. ಎಂಥ ವಾಸನೆ! ಮದುವೆ ಊಟ ಹೊಡೆದ ನೂರು ಮಂದಿ ಬೀಗರು ಒಂದೇ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಕೂತಂತೆ. ಕಿಟಕಿಯ ಹುಡುಗರು ಪಟಪಟನೆ ಕೆಳಗೆ ಉದುರಿದರು. ಆಯಿ ಮೂಗಿಗೆ ಸೆರಗು ಹಿಡಿದು, “ಹುಗ್ಗಿದು,” ಎಂದು ತನ್ನಷ್ಟಕ್ಕೆ ಗುರುತು ಹಿಡಿದಳು.

ಕಡ್ಡಿಪೆಟ್ಟಿಗೆ ಖಾಲಿಯಾಯಿತು. ಮಾಸ್ತರು ಕರವಸ್ತ್ರದೊಳಗಿಂದಲೇ ನಕ್ಕರು. “ಚಾ ಬ್ಯಾಡಪಾ. ಮನಿಗೆ ಹೋಗಿ ಮತ್ತೊಮ್ಮೆ ಜಳಕಾ ಮಾಡ್ತೇನಿ. ನಾಳೆ ಹಾಜರಿಗೆ ಲಗೂ ಬಾ, ಸಗಣೆಪ್ಪಾ!”

ಸೋಮವಾರ ಹಾಜರಿ ಪುಸ್ತಕ ತೆರೆದು ಮಾಸ್ತರು ಕರೆದರು. ಚಂದ್ಯಾ ತಲೆ ತಗ್ಗಿಸಿ “ಓ” ಎಂದ. ಒಲೆ ಹತ್ತುವತನಕ ಅಂತ ಕೊಟ್ಟ ಮಾತು. ಆ ದಿನ ನಾಲ್ಕು ಸಾರಿ ಕರೆದರು. ಒಂದು ಸಾರಿ ಹಾಜರಿಗೆ, ಮೂರು ಸಾರಿ ರುಚಿಗೆ.

ಸಂಜೆ ಗೈಬುಸಾಬ ಬಂದು ಗುಂಡಿ ಮೂಸಿದ. “ಏನ ಹಾಕೀರಿ ಇದಕ್ಕ?”

ಆಯಿ ಒಂದೊಂದೇ ಹೇಳಿದಳು. ಮಜ್ಜಿಗೆಗೆ ಬರುವಷ್ಟರಲ್ಲಿ ಗೈಬುಸಾಬ ಕಟ್ಟೆಯ ಮೇಲೆ ಕೂತೇಬಿಟ್ಟ.

“ಆಯಿ, ಇಷ್ಟು ತಿಂದ್ರ ನಾನೂ ಏಳೂದಿಲ್ರಿ! ಮುದ್ದೇಬಿಹಾಳದಾಗ ಒಬ್ಬರು ಒಂದು ಕೊಡ ಬೆಲ್ಲದ ಪಾಕ ಸುರುವಿ ಹಿಂಗ ಮಾಡಿದ್ರು. ಒಮ್ಮಿಗೇ ಹೆಚ್ಚು ಹಾಕಿದ್ರ ಒಳಗೆಲ್ಲ ಹುಳಿ ಆಗ್ತೈತಿ. ಆ ಹುಳ್ಯಾಗ ನಮ್ಮ ಹುಳಕ್ಕ ಕೆಲಸ ಮಾಡಾಕ ಆಗೂದಿಲ್ಲ. ನಿನ್ನೆ ಬಂದದ್ದು ಉರಿಯೂ ಗ್ಯಾಸಲ್ರಿ, ಬರೇ ತೇಗು.”

“ಅಜೀರ್ಣ ಅನ್ನು!” ಎಂದಳು ಆಯಿ. ಅವಳ ಮುಖ ಅರಳಿತು. ಅಜೀರ್ಣ ಅವಳಿಗೆ ಗೊತ್ತಿದ್ದ ಕೆಲಸ. “ಅಷ್ಟಕ್ಕ ಯಾಕ ಹೆದರ್ತಿ? ಕೂಸಿನ ಹೊಟ್ಟಿ ಹುಳಿ ಆದ್ರ ಏನ ಮಾಡ್ತೇವು? ಸುಣ್ಣದ ತಿಳಿ ಕುಡಸ್ತೇವು. ಉಪಾಸ ಕೆಡವ್ತೇವು.”

ಗೈಬುಸಾಬ ಬಾಯಿ ತೆರೆದು ನೋಡಿದ. “ಮುದ್ದೇಬಿಹಾಳಕ್ಕ ಬಂದ ಸಾಹೇಬರೂ ಅದನ್ನ ಹೇಳಿದ್ರು, ಆಯಿ! ಸುಣ್ಣದ ನೀರು ಹಾಕ್ರಿ, ಊಟ ನಿಂದರಿಸ್ರಿ ಅಂತ.”

“ಆ ಸಾಹೇಬಗೂ ಒಬ್ಬಾಕಿ ಆಯಿ ಇದ್ದಾಳು.”

ಅಪ್ಪ ನಳ ತಿರುವಿ ಕೆಟ್ಟ ಗ್ಯಾಸನ್ನೆಲ್ಲ ಬಯಲಿಗೆ ಬಿಟ್ಟ. ಆ ಸಂಜೆ ಓಣಿಯಲ್ಲಿ ಯಾರೂ ಕಟ್ಟೆಗೆ ಕೂಡಲಿಲ್ಲ. ಸುಣ್ಣದ ನೀರು ಸ್ವಲ್ಪ ಸ್ವಲ್ಪವೇ ಒಳಗೆ ಹೋಯಿತು. ಆಮೇಲೆ ಉಪವಾಸ.

ಉಪವಾಸ ಗುಂಡಿಗೆ ಸುಲಭವಾಯಿತು, ಆಯಿಗೆ ಆಗಲಿಲ್ಲ. ಊಟದ ಹೊತ್ತಾದರೆ ಹಿತ್ತಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಚಂದ್ಯಾ ಕಾವಲು ಕೂರಬೇಕಾಯಿತು. ಒಂದು ದಿನ ಅವಳ ಸೆರಗಿನೊಳಗೆ ಅರ್ಧ ರೊಟ್ಟಿ ಸಿಕ್ಕಿತು.

“ಆಯಿ! ಉಪಾಸ ಐತಿ!”

“ಒಂದ ತುಣುಕಲೇ. ಸಪ್ಪಗ ಕುಂತಾವು.”

“ಅವು ಕುಂತದ್ದು ನಿನಗ ಕಾಣ್ತೈತೇನು?”

ಎಂಟು ದಿನದ ಮೇಲೆ ದಿನಕ್ಕೊಂದು ಬಕೆಟ್ ಸಗಣಿ, ಒಂದು ಬಕೆಟ್ ನೀರು. ಅದಕ್ಕಿಂತ ಒಂದು ಹಿಡಿಯೂ ಹೆಚ್ಚಿಲ್ಲ. ಚಂದ್ಯಾ ಮುಂಜಾನೆ ಎದ್ದು ಡ್ರಮ್ಮಿಗೆ ಕಿವಿ ಹಚ್ಚುತ್ತಿದ್ದ. ಮೊದಮೊದಲು ಏನೂ ಕೇಳಲಿಲ್ಲ. ಆಮೇಲೆ ಒಂದು ದಿನ ಗುಳುಗುಳು ಅಂತ ಸದ್ದಾಯಿತು. ಡ್ರಮ್ಮು ದಿನಕ್ಕೆ ಒಂದೊಂದು ಬೆರಳು ಏಳತೊಡಗಿತು. ಶಾಲೆಯಲ್ಲಿ ಮಾತ್ರ ಅದೇ ಹೆಸರು, ಅದೇ “ಓ”. ಒಂದನೇ ಇಯತ್ತೆಯ ಪಿಳ್ಳೆಗಳೂ ದಾರಿಯಲ್ಲಿ ಹಾಗೇ ಕೂಗುತ್ತಿದ್ದವು. ಅವನ ನಿಜವಾದ ಹೆಸರು ಊರಿಗೆ ಮರೆತುಹೋಗುತ್ತ ಬಂದಿತ್ತು.

ಒಂದು ಮಂಗಳವಾರ ಮುಂಜಾನೆ ಆಯಿ ಸುಮ್ಮನೆ ಅಂತ ಕಡ್ಡಿ ಗೀರಿ ಒಲೆಗೆ ಹಿಡಿದಳು. “ಹತ್ತಲಿಲ್ಲ ತಗೋ,” ಎಂದು ಕೈ ಮುಂದೆ ಮಾಡಿ, “ಹಾಯ್!” ಎಂದು ಹಾರಿದಳು. ಹತ್ತಿತ್ತು! ಉರಿ ಎಷ್ಟು ತೆಳ್ಳಗಿನ ನೀಲಿ ಅಂದರೆ ಬೆಳಕಿನಲ್ಲಿ ಅವಳಿಗೆ ಕಂಡಿರಲೇ ಇಲ್ಲ. ಹೊಗೆ ಇಲ್ಲ, ವಾಸನೆ ಇಲ್ಲ. ಸುಯ್ ಅಂತ ಸಣ್ಣ ಸದ್ದು.

ನೋಡಲು ಮಾಸ್ತರು ಇರಲಿಲ್ಲ, ಕಿಟಕಿಗೆ ಹುಡುಗರೂ ಇರಲಿಲ್ಲ. ಒಲೆ ಅದೇನೂ ಕೇಳದೆ ತನ್ನಷ್ಟಕ್ಕೆ ಉರಿಯುತ್ತಿತ್ತು. ಚಂದ್ಯಾ ಮಿಕಮಿಕ ನೋಡುತ್ತ ಕೂತ. ಚಹಾ ಕುದಿಯಿತು. ಆಯಿ ಮೊದಲ ಬಟ್ಟಲು ಬಸಿದುಕೊಂಡು ಮೆಲ್ಲಗೆ ಹಿತ್ತಲ ಕಡೆ ಹೊರಟಳು.

“ಆಯಿ!”

“ಒಂದ ಗುಟುಕೋ! ಮಾಡಿದವರಿಗೆ ಕೊಡದ...”

“ಒಂದೂ ಇಲ್ಲ!”

ಆ ಬಟ್ಟಲನ್ನು ಚಂದ್ಯಾ ತಾನೇ ಕುಡಿದ. ಬಕೆಟ್ ಹಿಡಿದು ಆ ದಿನದ ಸಗಣಿ ತರಲು ಊರ ಬಾಗಿಲ ಅಗಸಿಯ ಕಡೆ ನಡೆದ. ದನಗಳೆಲ್ಲ ಅಲ್ಲೇ ನಿಲ್ಲುತ್ತಿದ್ದವು.

ಅಗಸಿಯ ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಶ್ರೀಶೈಲಪ್ಪ ಮಾಸ್ತರು ಪೇಪರ್ ಹಿಡಿದು ಕೂತಿದ್ದರು. ಚಂದ್ಯಾ ಸಗಣಿ ತುಂಬಿಕೊಂಡು ತಿರುಗಿದ್ದೇ ತಡ, ಪೇಪರ್ ಕೆಳಗಿಳಿಯಿತು.

“ಏನೋ ಸಗಣೆಪ್ಪಾ! ನಿಮ್ಮ ಗುಂಡಿ ಉಸರಾಡ್ತೈತೋ, ಇಲ್ಲಾ ಮಣ್ಣ ಮುಚ್ಚೀರೋ?”

ಕಟ್ಟೆಯ ಮಂದಿ ನಕ್ಕರು. ಚಂದ್ಯಾ ನಿಂತ. “ಒಲಿ ಹತ್ತೈತ್ರಿ ಸರ” ಎಂಬ ಮಾತು ನಾಲಗೆಯ ತುದಿಗೇ ಇತ್ತು. ಮಾಸ್ತರ ಮುಖ ನೋಡಿದ. ಅವರ ಬಾಯಿ ಇನ್ನೂ ತೆರೆದೇ ಇತ್ತು, ಪಂಕ್ತಿಯಲ್ಲಿ ಕೂತು ಇನ್ನೊಂದು ಸೌಟಿಗೆ ಕಾದವರಂತೆ. ಇಷ್ಟು ದಿನ ಒಂದೊಂದೇ “ಓ” ಬಡಿಸುತ್ತ ಬಂದವನು ತಾನೇ.

“ಓ ಅನ್ನಲೇ, ಸಗಣೆಪ್ಪಾ!”

ಚಂದ್ಯಾ ಬಕೆಟ್ಟನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು ಮನೆಯ ದಾರಿ ಹಿಡಿದ.