ಸುಮ್ಮನೆ ಮಲಗಿದಾಗ ಸುಡುವಷ್ಟು

"ಅಲ್ಲಾಡಬೇಡಿ. ಮಾತಾಡಬೇಡಿ. ನಿದ್ದೆನೂ ಮಾಡಬೇಡಿ," ಅಂದ ಲ್ಯಾಬ್ ಟೆಕ್ನಿಷಿಯನ್.

"ಉಸಿರಾಡಬಹುದಾ ಸರ್?" ಮುಖದ ಮೇಲಿನ ಪ್ಲಾಸ್ಟಿಕ್ ಮುಸುಕಿನೊಳಗಿಂದ ಬಾಕ್ಸರ್ ಹುಡುಗಿ ಕಣ್ಣಲ್ಲೇ ನಕ್ಕಳು.

"ಅಳೆಯೋದೇ ಅದನ್ನ."

ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ದೇಹ ಎಷ್ಟು ಕ್ಯಾಲೊರಿ ಸುಡುತ್ತದೆ ಎಂಬುದು ಆ ಉಸಿರಿನಿಂದಲೇ ಗೊತ್ತಾಗಬೇಕು. ತಿಂಗಳಿಗೊಮ್ಮೆ ಬರುತ್ತಿದ್ದ ಅವಳ ನಗು ಅವನಿಗೆ ಬಾಯಿಪಾಠವಾಗಿತ್ತು. ಇವತ್ತು ಆ ನಗುವಿನ ಪಕ್ಕ ಕೆನ್ನೆ ಬತ್ತಿಹೋಗಿತ್ತು.

ಅವನು ಸ್ಕ್ರೀನನ್ನು ಮತ್ತೊಮ್ಮೆ ನೋಡಿದ. ಅಂಕಿ ಕಳೆದ ತಿಂಗಳಿಗಿಂತ ತುಂಬಾ ಕೆಳಗಿತ್ತು.

"ಊಟ ಬಿಟ್ಟಿದ್ದೀರಾ?"

ಅವಳು ಮುಸುಕು ಸರಿಸಿ ಎದ್ದು ಕೂತಳು. "ಆಯ್ಕೆ ಪಂದ್ಯ ಹತ್ರ ಬಂತು, ನನ್ನ ವರ್ಗಕ್ಕೆ ತೂಕ ಇಳೀಲೇಬೇಕು. ಅಣ್ಣನಿಗೆ ಹೇಳಬೇಡಿ, ದಮ್ಮಯ್ಯ."

ಅಣ್ಣನೇ ಅವಳ ಕೋಚ್. ಬಾಗಿಲಾಚೆ ಬೆಂಚಿನ ಮೇಲೆ ಕಾಯುತ್ತಿದ್ದ.

"ತಿನ್ನದಿದ್ರೆ ದೇಹ ಜಿಪುಣ ಆಗುತ್ತೆ. ಇರೋದನ್ನೇ ಹಿಡಿದಿಟ್ಕೊಂಡು ಕಡಿಮೆ ಸುಡುತ್ತೆ. ಕೊನೆಗೆ ಕೈಯಲ್ಲಿ ಕಸುವೂ ಇರಲ್ಲ."

"ನಿಮಗ್ಯಾಕೆ ಅದೆಲ್ಲ? ನೀವು ಮಿಷನ್ ನೋಡ್ಕೊಳ್ಳೋರು."

ಅವನಿಗೆ ಚುರುಕ್ಕೆಂದಿತು. "ನಿಮ್ಮಣ್ಣ ಕೇಳಿದ್ರೆ ನಾನು ಸುಳ್ಳು ಹೇಳಲ್ಲ. ಬೇಕಾದ್ರೆ ನನ್ನ ಮುಖ ನೋಡಬೇಡಿ ಇನ್ಮೇಲೆ. ಆದ್ರೆ ಈ ಸ್ಥಿತಿಯಲ್ಲಿ ನೀವು ಏಟು ತಿನ್ನೋದನ್ನ ನೋಡೋಕೆ ನನ್ನಿಂದ ಆಗಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. "ಇದು ಲ್ಯಾಬಿನವರ ಮಾತಾ?"

"ಅಲ್ಲ."

ಬಾಗಿಲು ತಟ್ಟಿದ ಸದ್ದು. "ಏನಮ್ಮಾ, ಮುಗೀತಾ?"

ಟೆಕ್ನಿಷಿಯನ್ ಚಿಲಕದ ಮೇಲೆ ಕೈಯಿಟ್ಟು ನಿಂತ. "ನೀವೇ ಹೇಳಿ. ನಾನು ಪಕ್ಕದಲ್ಲೇ ಇರ್ತೀನಿ."

ಅವಳು ಅವನ ಕೈಯನ್ನು ಮೆಲ್ಲಗೆ ಸರಿಸಿ ತಾನೇ ಬಾಗಿಲು ತೆರೆದಳು.

"ಅಣ್ಣಾ, ನಾನು ಸರಿಯಾಗಿ ಊಟಾನೇ ಮಾಡ್ತಿಲ್ಲ. ಈ ತೂಕಕ್ಕೆ ಇಳಿಯೋಕಾಗಲ್ಲ. ಮೇಲಿನ ತೂಕದ ವರ್ಗದಲ್ಲಿ ಆಡ್ತೀನಿ."

ಅಣ್ಣನ ಮುಖ ಕೆಂಪೇರಿತು. ಬೈಯಲು ಬಾಯಿ ತೆರೆದವನು ಅವಳ ಸಣಕಲು ಮಣಿಕಟ್ಟು ಹಿಡಿದು ತಣ್ಣಗಾದ. "ಹುಚ್ಚಿ! ಕೋಚ್‌ಗೆ ಹೆದರಿದೆ, ಸರಿ. ಅಣ್ಣನ ಹತ್ರ ಹೇಳಬಾರದಿತ್ತಾ?"

ಆಯ್ಕೆಯ ದಿನ ಮೇಲಿನ ವರ್ಗದಲ್ಲಿ ಅವಳು ಕೊನೆಯ ಸುತ್ತಿನವರೆಗೂ ಹೊಡೆದಾಡಿ ಸೋತಳು. ಟೆಕ್ನಿಷಿಯನ್ ಕ್ರೀಡಾಂಗಣದ ಹೊರಗೆ, ಸಮಾಧಾನದ ಮಾತು ಹುಡುಕುತ್ತ ಒದ್ದಾಡುತ್ತಿದ್ದ.

ಊದಿದ ತುಟಿ ಹೊತ್ತು ಅವಳು ನೇರ ಅವನ ಮುಂದೆ ಬಂದು ನಿಂತಳು.

"ತುಂಬಾ ಹಸಿವಾಗ್ತಿದೆ. ಊಟಕ್ಕೆ ಕರ್ಕೊಂಡು ಹೋಗ್ತೀಯಾ?"

'ಸರ್' ಎಲ್ಲೋ ಉದುರಿಹೋಗಿತ್ತು. ಅವನ ಕಿವಿ ಬಿಸಿಯಾಯಿತು.

"ಬಾ," ಅಂದ, ಮೊದಲ ಸಲ ಏಕವಚನದಲ್ಲಿ.