ಕಠಡಾಕ್ಕೆ ಬಾಗಿಲಿಟ್ಟವನು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸೊಲ್ಲಾಪುರದ ಮಾಳಗಿ ಪೇಟೆ ಠಾಣೆಗೆ ಬಟ್ಟೆ ಅಂಗಡಿಯ ಸೋಮೇಶ ದೂರು ತಂದರು. ಅವರು ಪೇಟೆ ಸುಧಾರಣಾ ಸಮಿತಿಯ ಅಧ್ಯಕ್ಷರು. ಅರ್ಜಿ ಎರಡು ಪುಟ, ಮರಾಠಿಯಲ್ಲಿತ್ತು; ವಿಷಯ ಪೇಟೆಯ ಕಠಡಾ, ಅಂದರೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ತಡೆಗಂಬಿ. ಇನ್ಸ್‌ಪೆಕ್ಟರ್ ಅಣ್ಣಾರಾಯ ಬಿರಾಜದಾರ ಅದನ್ನು ಎರಡು ಸಲ ಓದಿದರು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದ ಅವರಿಗೆ ಯಾವ ದೂರೂ ಹೊಸದೆನಿಸುತ್ತಿರಲಿಲ್ಲ. ಇದು ಅನಿಸಿತು.

"ಕಠಡಾ ಕಳುವಾಗ್ಯಾದೇನ್ರಿ?"

"ಇಲ್ರಿ ಸಾಹೇಬ್ರ, ಅಲ್ಲೇ ಅದ."

"ಮುರದಾರೇನು?"

"ಮುರದಿಲ್ರಿ. ಕೊಯ್ದು ಬಾಗಿಲಾ ಮಾಡ್ಯಾರ. ಎರಡೂ ತುದ್ಯಾಗ."

ಮಾಳಗಿ ಪೇಟೆಯ ರಸ್ತೆ ಎರಡು ವರ್ಷದ ಹಿಂದೆ ಸತ್ತೇ ಹೋಗಿತ್ತು ಎನ್ನಬೇಕು. ಅಂಗಡಿಯ ಮುಂದೆಲ್ಲ ಮೋಟಾರ್‌ಸೈಕಲ್ಲು, ಹೆಂಗಸರಿಗೆ ನಡೆಯಲು ಜಾಗವಿಲ್ಲ, ಗಿರಾಕಿಗಳೆಲ್ಲ ಮಾಲ್‌ಗೆ. ಸಮಿತಿಯವರು ಓಡಾಡಿ ಹೊಸ ಕಲ್ಲುಹಾಸು, ದೀಪ, ಬೆಂಚು ಹಾಕಿಸಿದರು. ಗಾಡಿ ಬರದಂತೆ ಎರಡೂ ತುದಿಗೆ ಕಬ್ಬಿಣದ ಕೊಳವೆಗಳ ಕಠಡಾ ನಿಲ್ಲಿಸಿದರು. ಮನುಷ್ಯರು ಎರಡು ಕಡೆ ತಿರುಗಿ, ಹಾವಿನಂತೆ ಹೊರಳಿ ಒಳಗೆ ಬರಬೇಕು. ಗಾಡಿ ನಿಂತಿತು, ವ್ಯಾಪಾರ ಚಿಗುರಿತು. ಸೋಮೇಶರ ಮುಚ್ಚಲಿದ್ದ ಅಂಗಡಿ ಉಳಿದಿದ್ದೂ ಇದರಿಂದಲೇ.

"ಇವತ್ತ ಮುಂಜಾನಿ ಎಂಟು ಗಾಡಿ ಒಳಗ ಬಂದ್ವು. ಹಿಂಗ ಬಿಟ್ರ ಮತ್ತ ಮೊದಲಿನಂಗ ಆಗ್ತದ. ಶುಕ್ರವಾರ ಗುತ್ತಿಗೆದಾರನ ಕರಸಿ ವೆಲ್ಡಿಂಗ್ ಹೊಡಿಸಿಬಿಡ್ತೀನಿ."

ಸಾರ್ವಜನಿಕ ಸ್ವತ್ತಿಗೆ ಹಾನಿ ಮಾಡಿದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಜಾಮೀನು ಸಿಗುವ ಕಲಂ.

ಹನ್ನೆರಡು ಕಾಲಿಗೆ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಹವಾಲ್ದಾರ್ ಶುಭಾಂಗಿ ಟೇಪು ಹಿಡಿದಳು. ನಡುವಿನ ಕಂಬಿಗಳನ್ನು ಕೊಯ್ದು, ಕೀಲು ಬೆಸೆದು, ಚಿಲಕ ಇಟ್ಟಿದ್ದರು. ಬಾಗಿಲು ತೆರೆದರೆ ನಾಲ್ಕೂವರೆ ಅಡಿ ಅಗಲದ ನೇರ ದಾರಿ. ಬೆಸುಗೆಯ ಗೆರೆ ಒಂದೇ ಸಮನಾಗಿತ್ತು, ಚೂಪಾದ ಅಂಚನ್ನೆಲ್ಲ ಉಜ್ಜಿ ಕೆಂಪು ಬಣ್ಣ ಹಚ್ಚಲಾಗಿತ್ತು.

"ಗುತ್ತಿಗೆದಾರನ ಕೆಲಸಕ್ಕಿಂತ ಇದ ಚಲೋ ಆಗ್ಯಾದ್ರಿ ಸರ್," ಎಂದಳು ಶುಭಾಂಗಿ.

"ಅದನ್ನ ಪಂಚನಾಮೆದಾಗ ಬರಿಬ್ಯಾಡ," ಎಂದರು ಅಣ್ಣಾರಾಯ.

ಸೋಮವಾರ ಪೇಟೆಗೆ ರಜೆ. ಕೆಲಸ ನಡೆದದ್ದು ಅಂದೇ, ಹಗಲು ಹನ್ನೊಂದರಿಂದ ಮೂರರವರೆಗೆ. ನೋಡಿದವರು ಐದು ಜನ. ಕೆಲಸ ಮಾಡಿದವನು ಕಿತ್ತಳೆ ಜಾಕೀಟು ಹಾಕಿದ್ದನಂತೆ, ಗುತ್ತಿಗೆದಾರನ ಆಳೆಂದು ಐವರೂ ಸುಮ್ಮನಿದ್ದರು. ಕಾವಲುಗಾರ ಪೀರಪ್ಪ ತನ್ನ ಕಾವಲು ಗೂಡಿನಿಂದ ಕರೆಂಟನ್ನೂ ಕೊಟ್ಟಿದ್ದ. ಕಂದಲಗಾಂವದ ಈ ಮುದುಕನನ್ನು ಅಣ್ಣಾರಾಯ ಕರೆದು ಕೇಳಿದರು.

"ಏನರೆ ಮಾತಾಡಿದ್ನೇನು?"

"ನೀರ ಕೇಳಿದ್ನ್ರಿ. ಕೊಟ್ನಿ."

"ಮತ್ತ?"

"ಕೆಲಸ ಮುಗದ ಮ್ಯಾಲ ಒಂದ ಬಿದಿರಿನ ಬಾಂಬು ಹೆಗಲ ಮ್ಯಾಲ ಇಟ್ಕೊಂಡು ಬಾಗಿಲದಾಗ ಎರಡ ಸರ್ತಿ ಹೋಗಿ ಬಂದ್ನ್ರಿ. ಏಳ ಫೂಟ ಇದ್ದೀತು. ಆಮ್ಯಾಲ ಅಲ್ಲೇ ಕಟ್ಟಿ ಮ್ಯಾಲ ಕುಂತ್ಕೊಂಡ."

"ಅತ್ನೇನು?"

ಪೀರಪ್ಪ ಸಾಹೇಬರ ಮುಖ ನೋಡಿದ. "ನಿಮಗ ಹ್ಯಾಂಗ ಗೊತ್ತಾತ್ರಿ?"

ಅಣ್ಣಾರಾಯ ಬಾಗಿಲು ಮುಚ್ಚಿಸಿ, ಕಠಡಾದ ತಿರುವಿನಲ್ಲಿ ತಾವೇ ಒಂದು ಸಲ ಹೊರಳಿ ಬಂದರು. ಮೊಣಕಾಲು ನೋಯಿತು. ಒಬ್ಬ ಮನುಷ್ಯ ಹೇಗೋ ತಿರುಗಬಹುದು. ನಾಲ್ಕು ಜನ ಹೊತ್ತ ಏಳಡಿಯ ಚಟ್ಟ ಇಲ್ಲಿ ತಿರುಗುವುದಿಲ್ಲ.

ಮೂರೂವರೆಗೆ ಅವರು ಶುಭಾಂಗಿಯೊಡನೆ ಚಟ್ಟದ ಸಾಮಾನು ಮಾರುವ ಕಸ್ತೂರಬಾಯಿಯ ಅಂಗಡಿಗೆ ಹೋದರು.

"ಈ ಎಂಟ ದಿನದಾಗ ಯಾರರೆ ಒಂದ ಬಾಂಬು ಒಯ್ದಾರೇನ್ರಿ ಬಾಯಿ?"

"ಒಂದ ಯಾರೂ ಒಯ್ಯಂಗಿಲ್ರಿ, ಜೋಡೀನ ಒಯ್ತಾರ." ಆಕೆ ತಡೆದಳು. "ಶುಕ್ರವಾರ ಒಬ್ಬಾಂವ ಒಯ್ದ. ಯಾರ ಹೋದ್ರಪಾ ಅಂದ್ರ, ಯಾರೂ ಹೋಗಿಲ್ಲ, ಅಳತಿ ನೋಡಬೇಕು ಅಂದ. ಮನ್ಯಾಗ ಜೀವ ಇದ್ದಾಗ ಈ ಬಾಂಬು ಮನಿಗೆ ಒಯ್ತಾರೇನೋ ಅಂತ ಬೈದ್ನಿ. ತಲಿ ಕೆಳಗ ಹಾಕಿ ನಿಂತ."

"ಯಾರಾಂವ?"

"ಹುಲೆಪ್ಪನ ಮಗ ಸುಮೇಧ. ಚಿಂಚೋಳಿ ಎಂಐಡಿಸಿ ಕಾರ್ಖಾನ್ಯಾಗ ವೆಲ್ಡರ್ ಅದಾನ."

ಹುಲೆಪ್ಪನ ಮನೆ ಪೇಟೆಯ ಪೂರ್ವದ ತುದಿಗೆ, ಬೌದ್ಧರ ಓಣಿಯಲ್ಲಿ. ಸ್ಮಶಾನ ಪಶ್ಚಿಮಕ್ಕೆ. ನಡುವೆ ಹೋಗಲು ಎರಡೇ ದಾರಿ: ಪೇಟೆಯ ರಸ್ತೆ, ಇಲ್ಲವೆ ಅಂಗಡಿಗಳ ಹಿಂದಿನ ಗಟಾರದ ಗಲ್ಲಿ.

ಐದೂ ಮುಕ್ಕಾಲಿಗೆ ಪೊಲೀಸರು ಬಂದಾಗ ಸುಮೇಧ ಅಪ್ಪನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಎದ್ದು ನಿಂತ.

"ಕಠಡಾ ನಾನ ಕೊಯ್ದೀನ್ರಿ ಸಾಹೇಬ್ರ. ಹೊರಗ ಮಾತಾಡೂಣು. ಅಪ್ಪಗ ಗೊತ್ತಿಲ್ಲ."

ಹೊರಗೆ ಕಟ್ಟೆಯ ಮೇಲೆ ಶುಭಾಂಗಿ ಹೇಳಿಕೆ ಬರೆದುಕೊಂಡಳು. ಸುಮೇಧನಿಗಿಂತ ಅವನ ತಾಯಿ ಭಾಗಾಬಾಯಿಯೇ ಹೆಚ್ಚು ಹೇಳಿದಳು. ಎರಡು ತಿಂಗಳ ಹಿಂದೆ ಓಣಿಯಲ್ಲಿ ಒಬ್ಬರು ತೀರಿಕೊಂಡಿದ್ದರು. ಚಟ್ಟ ಕಠಡಾದಲ್ಲಿ ಸಿಕ್ಕಿಕೊಂಡಿತು. ವಾಲಿಸಿ ನೋಡಿದರು, ಹೆಣ ಜಾರಿತು. ಕೊನೆಗೆ ಹಿಂದಕ್ಕೆ ತಿರುಗಿಸಿ ಗಟಾರದ ಗಲ್ಲಿಯಿಂದ ಒಯ್ದರು. ಹುಲೆಪ್ಪ ಬಾಗಿಲಲ್ಲಿ ಕುಳಿತು ಅದನ್ನು ನೋಡಿದ್ದ.

"ಮೊದಲ ನಮ್ಮ ಮಂದೀನ ಆ ಗಲ್ಲಿಲಿಂದನ ಒಯ್ಬೇಕಿತ್ರಿ," ಎಂದಳು ಭಾಗಾಬಾಯಿ. "ಪೇಟ್ಯಾಗ ಬಿಡ್ತಿರಲಿಲ್ಲ. ನನ್ನ ಮದುವಿ ಆದ ವರ್ಷ ಇವರ ಅವ್ವ ತೀರಿದ್ಲು. ಇವರೂ ಇವರ ದೋಸ್ತರೂ ಹಟ ಹಿಡದು ಪೇಟ್ಯಾಗಿಂದನ ಒಯ್ದ್ರು. ಕಲ್ಲ ಬಿದ್ದ್ವು. ಇವರ ಹಣಿಮ್ಯಾಲ ಗಾಯ ಅದ ನೋಡ್ರಿ, ಅದು ಅವತ್ತಿಂದು. ಅವತ್ತಿನಿಂದ ಆ ಗಲ್ಲಿ ಬಿಟ್ಟಿದ್ದಿವಿ."

"ಸಮಿತಿಗೆ ಹೇಳಲಿಲ್ಲೇನು?" ಅಣ್ಣಾರಾಯ ಸುಮೇಧನನ್ನು ಕೇಳಿದರು.

"ಮೂರ ಅರ್ಜಿ ಕೊಟ್ನ್ರಿ. ಕಠಡಾ ಎಲ್ಲಾರಿಗೂ ಒಂದ, ಯಾರ ಸತ್ರೂ ಹಿಂದಿನ ಗಲ್ಲಿಲಿಂದ ಒಯ್ರಿ ಅಂದ್ರು. ಖರೆ ಅದ. ಅವ್ರಿಗಿ ಅದು ಬರೇ ಗಲ್ಲಿ." ಅವನು ಒಳಗೆ ನೋಡಿದ. "ಡಾಕ್ಟರ್ ಇಪ್ಪತ್ತ ದಿನ ಅಂದಾರ್ರಿ. ಗಟಾರದ ದಾರಿಲಿಂದ ನನ್ನ ಒಯ್ಯಬ್ಯಾಡ ಅಂತ ಅಪ್ಪ ದಿನಾ ಅಂತಾನ. ಏನ ಮಾಡ್ಲಿ?"

ಅಣ್ಣಾರಾಯ ಅಕ್ಕಲಕೋಟ ತಾಲೂಕಿನ ಸಣ್ಣ ಹಳ್ಳಿಯವರು. ಅಲ್ಲಿಯೂ ಎರಡು ದಾರಿ ಇದ್ದವು. ಅವರ ಮನೆಯವರು ಯಾವಾಗಲೂ ಒಳ್ಳೆಯ ದಾರಿಯಲ್ಲೇ ಹೋದವರು, ಇನ್ನೊಂದರ ಬಗ್ಗೆ ಯಾರೂ ಮಾತೆತ್ತಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದಣಿವಾಯಿತು.

"ನಡಿಯಪಾ. ಬಂಧನ ಆಗಬೇಕು. ಕಾಗದ ಮುಗದ ಮ್ಯಾಲ ಬಿಡ್ತೀನಿ."

ಆರು ಐದಕ್ಕೆ ಬಂಧನ, ಎಂಟಕ್ಕೆ ಠಾಣೆಯಲ್ಲೇ ಜಾಮೀನು. ಮರುದಿನ ಬೆಳಿಗ್ಗೆ ಸೋಮೇಶರನ್ನು ಕರೆಸಿದರು.

"ಶುಕ್ರವಾರ ವೆಲ್ಡಿಂಗ್ ಹೊಡಸಾಕ ಬರಂಗಿಲ್ರಿ. ಆ ಬಾಗಿಲಾ ಈಗ ಮುದ್ದೆಮಾಲು, ಕೇಸಿನ ಸಾಕ್ಷಿ. ಕೋರ್ಟಿನ ಹುಕುಂ ಬರೂತನಕ ಯಾರೂ ಮುಟ್ಟಂಗಿಲ್ಲ."

"ಹುಕುಂ ಯಾವಾಗ ಬರ್ತದ್ರಿ?"

"ನಾ ರಿಟೈರ್ ಆಗೂದರಾಗ ಬರಂಗಿಲ್ಲ."

"ಮತ್ತ ಗಾಡಿ?"

"ಬೀಗ ಹಾಕಸ್ತೀನಿ. ಒಂದ ಗಾಡಿನೂ ಬರಂಗಿಲ್ಲ. ಕೀಲಿಕೈ ಠಾಣ್ಯಾಗ ಇರ್ತದ." ಅಣ್ಣಾರಾಯ ಹೇಳಿಕೆಯ ಹಾಳೆಗಳನ್ನು ಮುಂದಕ್ಕೆ ಸರಿಸಿದರು. ಸೋಮೇಶ ಓದಿದರು. ಓದಿದ ಮೇಲೆ ತಕರಾರು ಮಾಡಲಿಲ್ಲ, ಚಹಾನೂ ಕುಡಿಯದೆ ಎದ್ದು ಹೋದರು.

ಹುಲೆಪ್ಪ ಮಗನ ಬಂಧನವಾಗಿ ಹತ್ತೊಂಬತ್ತು ದಿನಕ್ಕೆ, ಭಾನುವಾರ ಮಧ್ಯಾಹ್ನ ತೀರಿಕೊಂಡ. ಪೇಟೆಯಲ್ಲಿ ಅಂದು ತುಂಬ ಗಿರಾಕಿ. ಪಶ್ಚಿಮದ ಬೀಗ ತೆಗೆಯಲು ಶುಭಾಂಗಿಯನ್ನು ಕಳಿಸಿ, ಪೂರ್ವದ್ದಕ್ಕೆ ಅಣ್ಣಾರಾಯ ತಾವೇ ಹೋಗಿ ಬಾಗಿಲು ಹಿಡಿದು ನಿಂತರು. ಬಿಳಿ ಬಟ್ಟೆಯ ಜನ ನೇರವಾಗಿ ಒಳಗೆ ಬಂದರು. ಮುಂದಿನ ಬಲಹೆಗಲು ಸುಮೇಧನದು. ಸೋಮೇಶ ಅಂಗಡಿಯಿಂದ ಇಳಿದು, ಷಟರನ್ನು ಅರ್ಧ ಎಳೆದು, ಚಟ್ಟ ದಾಟುವ ತನಕ ಕೈಕಟ್ಟಿ ನಿಂತಿದ್ದರು.

ಸಂಜೆ ಠಾಣಾ ಡೈರಿಯಲ್ಲಿ ಅಣ್ಣಾರಾಯ ತಮ್ಮ ಕೈಯಿಂದಲೇ ಬರೆದರು: "4.10ಕ್ಕೆ ಮುದ್ದೆಮಾಲಿನ ಎರಡೂ ಬೀಗ ತೆರೆಯಲಾಯಿತು. 4.40ಕ್ಕೆ ಹಾಕಲಾಯಿತು. ಕಾರಣ, ಪರಿಶೀಲನೆ. ಬಾಗಿಲು ಸರಿಯಾಗಿದೆ."